ಬ್ರಹ್ಮಾಂಡಕ್ಕಿಂತ ಹಳೆಯ ನಕ್ಷತ್ರಗಳು ಇವೆಯೇ? ವಯಸ್ಸು ಲೆಕ್ಕ ಹಾಕುವುದು ಹೀಗೆ

‘ಬ್ರಹ್ಮಾಂಡಕ್ಕಿಂತ ಹಳೆಯ ನಕ್ಷತ್ರಗಳು ಪತ್ತೆ, ಬಿಗ್ ಬ್ಯಾಂಗ್ ಸುಳ್ಳು’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ಇದನ್ನು ಓದಿ.

ನಕ್ಷತ್ರಗುಚ್ಛ ಎಂದರೇನು?

ಎಂ87 ಎಂಬುದು 5 ಕೋಟಿ ಬೆಳಕಿನ ವರ್ಷಗಳಿಗೂ ದೂರದ, ದೀರ್ಘವೃತ್ತಾಕಾರದ ದೈತ್ಯ ಗ್ಯಾಲಕ್ಸಿ. 2019ರಲ್ಲಿ ಬಂದ ಕಪ್ಪುಕುಳಿಯ ಮೊದಲ ಚಿತ್ರ ಇದರ ಕೇಂದ್ರದ್ದೇ. ಇದರ ಸುತ್ತ 10,000ಕ್ಕೂ ಹೆಚ್ಚು ಗೋಳಾಕಾರದ ಗುಚ್ಛಗಳಿವೆ. ಒಂದೊಂದರಲ್ಲೂ ಲಕ್ಷಗಟ್ಟಲೆ ನಕ್ಷತ್ರಗಳು. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು.

ದೊಡ್ಡ, ಬಿಸಿ ನಕ್ಷತ್ರಗಳು ಬೇಗ ಸಾಯುತ್ತವೆ. ಹಾಗಾಗಿ ಯಾವ ಗಾತ್ರದವು ಇನ್ನೂ ಉಳಿದಿವೆ ಎಂದು ನೋಡಿದರೆ ಗುಚ್ಛದ ವಯಸ್ಸು ಸಿಗುತ್ತದೆ. ನಮ್ಮ ಕ್ಷೀರಪಥದಲ್ಲಿ ಹೀಗೆಯೇ ಮಾಡುತ್ತಾರೆ. ಆದರೆ ಎಂ87ರಲ್ಲಿ ಇಡೀ ಗುಚ್ಛವೇ ಒಂದು ಚುಕ್ಕಿ. ಎಲ್ಲ ನಕ್ಷತ್ರಗಳ ಬೆಳಕೂ ಬೆರೆತಿರುತ್ತದೆ.

ಬಣ್ಣ ನೋಡಿದರೆ ಸಾಲದೇ?

ಸಾಲದು. ವಯಸ್ಸಾದಂತೆ ಗುಚ್ಛ ಕೆಂಪಾಗುತ್ತದೆ, ನಿಜ. ಆದರೆ ಕಬ್ಬಿಣದಂಥ ಭಾರದ ಧಾತುಗಳು ಹೆಚ್ಚಿದ್ದರೂ ಕೆಂಪಾಗಿಯೇ ಕಾಣುತ್ತದೆ. ಆದ್ದರಿಂದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ, ಅದರಲ್ಲಿನ ಕಪ್ಪು ಗೆರೆಗಳನ್ನು ಅಳೆಯುತ್ತಾರೆ. ಹೈಡ್ರೋಜನ್ ಗೆರೆ ಮುಖ್ಯವಾಗಿ ವಯಸ್ಸನ್ನು, ಕಬ್ಬಿಣ ಮತ್ತು ಮೆಗ್ನೀಷಿಯಂ ಗೆರೆಗಳು ಮುಖ್ಯವಾಗಿ ಧಾತುಗಳ ಪ್ರಮಾಣವನ್ನು ಹೇಳುತ್ತವೆ. ಇಲ್ಲೂ ಒಂದು ತೊಡಕಿದೆ: ಕೆಲವು ಮುದಿ ನಕ್ಷತ್ರಗಳು ಕೊನೆಗಾಲದಲ್ಲಿ ಮತ್ತೆ ಬಿಸಿಯಾಗಿ, ಗುಚ್ಛಕ್ಕೆ ಹರೆಯದ ವೇಷ ಹಾಕುತ್ತವೆ.

ಹವಾಯಿಯ ಕೆಕ್ ದೂರದರ್ಶಕದಿಂದ ಎಂ87ರ 150 ಗುಚ್ಛಗಳನ್ನು ಹೀಗೆ ಪರಿಶೀಲಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಸಿಕ್ಕ ವಯಸ್ಸು ಸುಮಾರು 1,300 ಕೋಟಿ ವರ್ಷ. ಬ್ರಹ್ಮಾಂಡದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಹಾಗಾದರೆ ಗೊಂದಲ ಎಲ್ಲಿಂದ ಬಂತು?

1990ರ ದಶಕದಲ್ಲಿ ಈ ಗೊಂದಲ ನಿಜಕ್ಕೂ ಇತ್ತು. ಕ್ಷೀರಪಥದ ಕೆಲವು ಗುಚ್ಛಗಳ ವಯಸ್ಸು 1,500 ಕೋಟಿ ವರ್ಷ ದಾಟುತ್ತಿತ್ತು. ಬ್ರಹ್ಮಾಂಡದ ವಯಸ್ಸು ಮಾತ್ರ ಕೆಲವು ಲೆಕ್ಕಗಳಲ್ಲಿ 1,000 ಕೋಟಿಯ ಆಸುಪಾಸಿನಲ್ಲಿತ್ತು. 1997ರಲ್ಲಿ ಹಿಪ್ಪಾರ್ಕಸ್ ಉಪಗ್ರಹದ ಅಳತೆಗಳು ಬಂದಾಗ ಗುಚ್ಛಗಳು ಎಣಿಸಿದ್ದಕ್ಕಿಂತ ದೂರದಲ್ಲಿವೆ ಎಂದು ತಿಳಿಯಿತು. ದೂರ ಹೆಚ್ಚಿದರೆ ನಕ್ಷತ್ರಗಳ ನಿಜವಾದ ಪ್ರಕಾಶ ಹೆಚ್ಚು, ಅಂದರೆ ವಯಸ್ಸು ಕಡಿಮೆ. 1998ರಲ್ಲಿ ಬ್ರಹ್ಮಾಂಡದ ವಿಸ್ತರಣೆ ವೇಗ ಪಡೆಯುತ್ತಿದೆ ಎಂದು ಗೊತ್ತಾದಾಗ ಅದರ ವಯಸ್ಸಿನ ಲೆಕ್ಕವೂ ಏರಿತು. ಎರಡೂ ಹೊಂದಿಕೊಂಡವು.

ಸಾರಾಂಶ

ಸಂದೇಶದಲ್ಲಿನ ಹೇಳಿಕೆ ತಪ್ಪು. ಇಂಥ ಸುದ್ದಿ ಮತ್ತೆ ಬಂದರೆ, ಅಂಕಿಯ ಪಕ್ಕದ ‘ಹೆಚ್ಚು-ಕಡಿಮೆ’ಯನ್ನು ಹುಡುಕಿ. ‘1,400 ಕೋಟಿ ವರ್ಷ, 100 ಕೋಟಿ ಹೆಚ್ಚು-ಕಡಿಮೆ’ ಎಂದರೆ ಅದು 1,300 ಕೋಟಿಯೂ ಆಗಿರಬಹುದು. ಫಾರ್ವರ್ಡ್‌ಗಳಲ್ಲಿ ಮೊದಲು ಬಿಟ್ಟುಹೋಗುವುದೇ ಈ ಭಾಗ.