ಮೋನೆಯ ಕೊಳ ಮತ್ತು ಒಂದು ಡ್ರಾಯಿಂಗ್ ಹಾಳೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಮೈಸೂರು ಸಂಸ್ಥಾನವನ್ನೋ ಸ್ವಾತಂತ್ರ್ಯ ಚಳವಳಿಯನ್ನೋ ಕುರಿತು ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಈ ಶಾಲೆಯಲ್ಲಿ ಅಷ್ಟು ವರ್ಷ ಅದನ್ನೇ ಪಾಠ ಮಾಡಿದವನು ನಾನು. ಆದರೆ ನನಗೆ ಬರೆಯಬೇಕೆನಿಸಿರುವುದು ಫ್ರಾನ್ಸ್ ದೇಶದ ಒಂದು ಕೊಳದ ಚರಿತ್ರೆ. ಅದಕ್ಕೂ ನಮ್ಮ ಶಾಲೆಗೂ ಒಂದು ಸಣ್ಣ ನಂಟಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿ ಇದ್ದ ವರ್ಷಗಳಲ್ಲಿ ಒಂಬತ್ತನೇ ತರಗತಿಯ ಡ್ರಾಯಿಂಗ್ ಪೀರಿಯಡ್ಡು ನನ್ನ ತಲೆಗೆ ಬಂದಿತ್ತು. ನನಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬಾರದು. ಸ್ಟಾಫ್ ರೂಮಿನಲ್ಲಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತೂಗುತ್ತಿತ್ತು: ಹಸಿರು ಕೊಳ, ಅದರ ತುಂಬ ನೈದಿಲೆ, ಮೇಲೆ ಬಿಲ್ಲಿನಂತೆ ಬಾಗಿದ ಮರದ ಸೇತುವೆ. ಅದನ್ನೇ ಬೋರ್ಡಿಗೆ ಸಿಕ್ಕಿಸಿ, "ನೋಡಿಕೊಂಡು ಬರೆಯಿರಿ" ಎಂದೆ. ಎಲ್ಲರೂ ಬರೆದರು. ಒಬ್ಬ ಹುಡುಗಿ ಮಾತ್ರ ಬೇರೆ ಬರೆದು ತಂದಳು. ಸೇತುವೆ ಅದೇ. ಆದರೆ ಕೆಳಗೆ ನೀರಿಲ್ಲ, ಬಿರುಕು ಬಿಟ್ಟ ಕೆರೆಯಂಗಳ. ಆ ಬಿರುಕುಗಳಿಂದ ನೈದಿಲೆ ಅರಳಿದ್ದವು. ಸೇತುವೆಯ ಮೇಲೆ ಮನುಷ್ಯರಿಲ್ಲ, ಖಾಲಿ ಕೊಡಗಳು ತಾವೇ ಸಾಲುಗಟ್ಟಿ ನಡೆದು ಹೋಗುತ್ತಿದ್ದವು. ಅದು ಊರ ಕೆರೆ ಬತ್ತಿ, ಬೋರ್‌ವೆಲ್ ಮುಂದೆ ಕೊಡಗಳ ಸಾಲು ನಿಲ್ಲುತ್ತಿದ್ದ ವರ್ಷ. "ನಾನು ಹೇಳಿದ್ದೇನು, ನೀನು ಮಾಡಿರುವುದೇನು?" ಎಂದು ಗದರಿ ಇಪ್ಪತ್ತೈದಕ್ಕೆ ಹನ್ನೊಂದು ಕೊಟ್ಟೆ. ಅವಳು ಏನೂ ಹೇಳದೆ ಹಾಳೆ ಮಡಿಚಿಕೊಂಡು ಹೋದಳು.

ಆ ಕ್ಯಾಲೆಂಡರ್ ಚಿತ್ರದ ಮೂಲ ಕ್ಲಾದ್ ಮೋನೆ ಎಂಬ ಚಿತ್ರಕಾರನದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೋನೆ ಮತ್ತು ಅವನ ಗೆಳೆಯರು ತಾವೇ ಒಂದು ಪ್ರದರ್ಶನ ಏರ್ಪಡಿಸಿದ್ದರು. ಅಲ್ಲಿದ್ದ ಅವನ ಸೂರ್ಯೋದಯದ ಚಿತ್ರದ ಹೆಸರನ್ನೇ ಹಿಡಿದು ಪತ್ರಿಕೆಯವನೊಬ್ಬ ಲೇವಡಿ ಮಾಡಿದ. ಆ ಲೇವಡಿಯ ಮಾತೇ ಮುಂದೆ ಇಂಪ್ರೆಷನಿಸಂ ಎಂಬ ಪಂಥದ ಹೆಸರಾಯಿತು. ಕಣ್ಣಿಗೆ ಆ ಕ್ಷಣ ಬಿದ್ದ ಬೆಳಕನ್ನು ಬಿದ್ದ ಹಾಗೆಯೇ ಹಿಡಿಯುವುದು ಅವರ ಹಟ. ಹಾಗಾಗಿ ಆ ಕೊಳ ಪ್ರಕೃತಿಯ ಯಥಾವತ್ತಾದ ನಕಲು ಎಂದು ನಾವೆಲ್ಲ ತಿಳಿದಿರುತ್ತೇವೆ. ನಾನೂ ಹಾಗೇ ತಿಳಿದಿದ್ದೆ.

ನಿಜ ಸಂಗತಿ ಬೇರೆ. ಮೋನೆ 1883ರಲ್ಲಿ ಜಿವರ್ನಿ ಎಂಬ ಹಳ್ಳಿಗೆ ಬಾಡಿಗೆಗೆ ಬಂದು, 1890ರಲ್ಲಿ ಆ ಮನೆಯನ್ನು ಕೊಂಡ. 1893ರಲ್ಲಿ ರೈಲು ಹಳಿಯ ಆಚೆಗಿನ ಜೌಗು ನೆಲ ಕೊಂಡು, ಹತ್ತಿರದ ಹಳ್ಳದ ನೀರನ್ನು ಕೊಳಕ್ಕೆ ತಿರುಗಿಸಿಕೊಳ್ಳಲು ಅಪ್ಪಣೆ ಕೇಳಿದ. ಊರಿನ ರೈತರು ತಕರಾರು ಎತ್ತಿದರು. ಈತ ಎಲ್ಲಿಂದಲೋ ತರಿಸುವ ಗಿಡಗಳಿಂದ ನೀರು ಕೆಟ್ಟರೆ ದನಗಳ ಗತಿಯೇನು, ಬಟ್ಟೆ ಒಗೆಯುವವರ ಪಾಡೇನು ಎಂಬುದು ಅವರ ಚಿಂತೆ. ಮೋನೆಗೆ ವಿಪರೀತ ಸಿಟ್ಟು ಬಂತು. ಜಿಲ್ಲಾಧಿಕಾರಿಗೆ ಪತ್ರ ಬರೆದು, ಇದು ಕಣ್ಣಿನ ಸಂತೋಷಕ್ಕೆ, ಚಿತ್ರಕ್ಕೆ ವಸ್ತು ಸಿಗಲೆಂದು ಮಾಡುವುದು ಎಂದು ವಾದಿಸಿ ಅಪ್ಪಣೆ ಪಡೆದ. ಕಲಾ ಚರಿತ್ರೆಯ ಪುಸ್ತಕಗಳು ಈ ರೈತರನ್ನು ತಿಳಿವಳಿಕೆಯಿಲ್ಲದವರೆಂಬಂತೆ ತೋರಿಸಿ ಮುಂದೆ ಹೋಗುತ್ತವೆ. ಕಾಲುವೆ ನೀರಿನ ಜಗಳ ಕಂಡ ನಮ್ಮೂರಿನವರಿಗೆ ಹಾಗೆನ್ನಿಸಲಾರದು. ದನ ಕುಡಿಯುವ ನೀರಿನ ಬಗ್ಗೆ ಕೇಳಿದ್ದರಲ್ಲಿ ಏನು ತಪ್ಪು?

ಕೊಳ ಆಯಿತು. ಅದರ ಮೇಲೆ ಜಪಾನಿ ಮಾದರಿಯ ಸೇತುವೆ ಬಂತು. ಬಣ್ಣಬಣ್ಣದ ನೈದಿಲೆ ಆ ಊರಿನವಲ್ಲ. ದಕ್ಷಿಣ ಫ್ರಾನ್ಸಿನ ಲಾತೂರ್ ಮಾರ್ಲಿಯಾಕ್ ಎಂಬಾತ ಬೇರೆ ಬೇರೆ ಜಾತಿಗಳನ್ನು ಸಂಕರ ಮಾಡಿ ಬೆಳೆಸಿದ ಹೊಸ ತಳಿಗಳು ಅವು. ಎಲೆಗಳ ಮೇಲೆ ಕೂತ ಧೂಳು, ಮಸಿ ತೊಳೆಯಲು, ಪಾಚಿ ತೆಗೆಯಲು ಒಬ್ಬ ಮಾಲಿ ಬೆಳಗ್ಗೆಯೇ ದೋಣಿಯಲ್ಲಿ ಸುತ್ತುತ್ತಿದ್ದ. ಪಕ್ಕದ ರಸ್ತೆಯ ಧೂಳು ಹೂವಿಗೆ ಕೂರುತ್ತದೆಂದು ಮೋನೆ ಹಣ ಕೊಟ್ಟು ರಸ್ತೆಗೆ ಟಾರು ಹಾಕಿಸಿದ. ಅಂದರೆ ಆತ ಮೊದಲು ಇಲ್ಲದ ಒಂದು ಲೋಕವನ್ನು ನೆಲದ ಮೇಲೆ ಕಟ್ಟಿಕೊಂಡು, ಆಮೇಲೆ ಅದನ್ನು "ಕಂಡ ಹಾಗೆ" ಬರೆದ. 1899ರ ಸೇತುವೆಯ ಚಿತ್ರಗಳನ್ನು ನೋಡಿದರೆ ಆಕಾಶವೇ ಇಲ್ಲವೆನ್ನಬೇಕು, ಅದು ನೀರಿನೊಳಗೆ ಹೋಗಿ ಕೂತಿರುತ್ತದೆ. ನಮ್ಮ ಶಾಲೆಯ ಹುಡುಗಿ ಒಣಗಿದ ನೆಲದಲ್ಲಿ ನೈದಿಲೆ ಬೆಳೆಸಿದ್ದು ಇದಕ್ಕಿಂತ ಹೆಚ್ಚು ಅಸಂಬದ್ಧವೇನಲ್ಲ.

ಮುಂದಿನ ವರ್ಷಗಳು ಅವನಿಗೆ ಕಷ್ಟದವು. 1911ರಲ್ಲಿ ಹೆಂಡತಿ ಆಲಿಸ್, 1914ರಲ್ಲಿ ಮಗ ಜಾನ್ ತೀರಿಕೊಂಡರು. ಎರಡು ಕಣ್ಣಿಗೂ ಪೊರೆ. ಮೊದಲನೇ ಮಹಾಯುದ್ಧ ನಡೆಯುತ್ತಿರುವಾಗ ಆತ ಆಳೆತ್ತರದ ಕ್ಯಾನ್ವಾಸುಗಳ ಮೇಲೆ ಅದೇ ಕೊಳವನ್ನು ಬರೆಯುತ್ತ ಕೂತ. ಯುದ್ಧ ನಿಂತ ಮಾರನೆಯ ದಿನ, 1918ರ ನವೆಂಬರ್ 12ರಂದು, ಫ್ರಾನ್ಸಿನ ಪ್ರಧಾನಿಯೂ ತನ್ನ ಗೆಳೆಯನೂ ಆದ ಕ್ಲೆಮಾನ್ಸೋಗೆ ಪತ್ರ ಬರೆದು ಚಿತ್ರಗಳನ್ನು ದೇಶಕ್ಕೆ ಕೊಡುತ್ತೇನೆಂದ. 1923ರಲ್ಲಿ ಕಣ್ಣಿನ ಆಪರೇಷನ್ ಆಯಿತು. 1926ರಲ್ಲಿ ತೀರಿಕೊಂಡ. ಮರುವರ್ಷ ಪ್ಯಾರಿಸ್ಸಿನ ಓರಾಂಜರಿ ಕಟ್ಟಡದ ಎರಡು ಮೊಟ್ಟೆಯಾಕಾರದ ಕೋಣೆಗಳಲ್ಲಿ ಅವು ಜನರಿಗೆ ತೆರೆದವು. ಜನ ಹೆಚ್ಚೇನೂ ಬರಲಿಲ್ಲ. ಕಾಲ ಬದಲಾಗಿತ್ತು.

ಬದಲಾಯಿಸಿದವರಲ್ಲಿ ಸರ್ರಿಯಲಿಸ್ಟರೂ ಇದ್ದರು, ಕನ್ನಡದಲ್ಲಿ ಅತಿವಾಸ್ತವವಾದಿಗಳು ಎನ್ನುತ್ತೇವೆ. 1924ರಲ್ಲಿ ಆಂದ್ರೆ ಬ್ರೆತೋನ್ ಅವರ ಪ್ರಣಾಳಿಕೆ ಪ್ರಕಟಿಸಿದಾಗ ಮೋನೆ ಇನ್ನೂ ಬದುಕಿದ್ದ. ಕಣ್ಣಿಗೆ ಕಂಡದ್ದು ಸಾಲದು, ಕನಸಿನಲ್ಲಿ ಕಂಡದ್ದೂ ನಿಜ ಎಂಬುದು ಇವರ ವಾದ. ಹೂದೋಟ ಬರೆಯುವ ಮುದುಕರಿಂದ ಇವರಿಗೆ ಆಗಬೇಕಾದ್ದೇನೂ ಇರಲಿಲ್ಲ. ಆದರೂ ಇವರಲ್ಲಿಯೇ ಇಬ್ಬರು ಆ ದಾರಿಗೆ ತಿರುಗಿ ನೋಡಿದರು. ಬೆಲ್ಜಿಯಂನ ಮಾಗ್ರಿತ್, ತನ್ನ ದೇಶ ಜರ್ಮನರ ಕೈಯಲ್ಲಿದ್ದ 1943ರಲ್ಲಿ, ಕತ್ತಲೆಯ ಕಾಲಕ್ಕೆ ಬಿಸಿಲೇ ಬೇಕೆಂದು ಇಂಪ್ರೆಷನಿಸ್ಟ್ ರೆನ್ವಾರನ ಕುಂಚವನ್ನೇ ಎರವಲು ತಂದ. ಅವನ ಶೈಲಿಯಲ್ಲಿ ಒಬ್ಬ ಹೆಂಗಸನ್ನು ಬರೆದು ಒಂದೊಂದು ಅಂಗಕ್ಕೆ ಒಂದೊಂದು ಬಣ್ಣ ಬಳಿದ. ಬ್ರೆತೋನ್‌ಗೆ ಇದು ಸರಿಬೀಳಲಿಲ್ಲ. ಇನ್ನೊಬ್ಬ ಆಂದ್ರೆ ಮಾಸೋನ್, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸಿಪಾಯಿ. ಯಾರೂ ನೋಡದೆ ಬಿದ್ದಿದ್ದ ಓರಾಂಜರಿಯ ನೈದಿಲೆಗಳನ್ನು 1952ರಲ್ಲಿ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯಕ್ಕೆ ಹೋಲಿಸಿ ಬರೆದವನು ಇವನೇ.

2020ರ ಅಕ್ಟೋಬರಿನಲ್ಲಿ, ಕೋವಿಡ್ ದೆಸೆಯಿಂದ ಮನೆಯಲ್ಲೇ ಕೂತಿದ್ದಾಗ, ನನ್ನ ಮೊಮ್ಮಗ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. ಬ್ಯಾಂಕ್ಸಿ ಎಂಬ ಹೆಸರಿನಲ್ಲಿ ಬರೆಯುವ ಇಂಗ್ಲೆಂಡಿನ ಕಲಾವಿದನ 2005ರ ಚಿತ್ರವೊಂದು ಲಂಡನ್ನಿನಲ್ಲಿ 75 ಲಕ್ಷ ಪೌಂಡಿಗೂ ಮೇಲೆ ಹರಾಜಾಗಿತ್ತು. ರೂಪಾಯಿ ಲೆಕ್ಕದಲ್ಲಿ 70 ಕೋಟಿಗೂ ಹೆಚ್ಚು. ಚಿತ್ರ ಕಂಡೊಡನೆ ಗುರುತು ಹತ್ತಿತು. ಅದೇ ಕೊಳ, ಅದೇ ಸೇತುವೆ, ನಮ್ಮ ಸ್ಟಾಫ್ ರೂಮಿನ ಕ್ಯಾಲೆಂಡರ್. ಆದರೆ ನೈದಿಲೆಗಳ ನಡುವೆ ಸೂಪರ್ ಮಾರ್ಕೆಟ್ಟಿನ ಎರಡು ತಳ್ಳುಗಾಡಿ ಮಗುಚಿ ಬಿದ್ದಿದ್ದವು. ರಸ್ತೆಯಲ್ಲಿ ಅಡ್ಡ ಇಡುವ ಕಿತ್ತಳೆ ಬಣ್ಣದ ಕೋನ್ ಒಂದು ಕೊಳದಲ್ಲಿ ಬಿದ್ದಿತ್ತು. ನೀರು ಕೆಡುತ್ತದೆ ಎಂದು ಜಿವರ್ನಿಯ ರೈತರು ಹೇಳಿದ್ದು ನೂರು ವರ್ಷದ ಮೇಲೆ ಚಿತ್ರದೊಳಗೆ ಬಂದು ಕೂತಿತ್ತು.

"ಇದಕ್ಕೆ ನೀವು ಎಷ್ಟು ಮಾರ್ಕ್ಸ್ ಕೊಡ್ತೀರಿ ತಾತ?" ಎಂದು ಹುಡುಗ ತಮಾಷೆಗೆ ಕೇಳಿದ. ಅವನಿಗೆ ಕೊಡಗಳ ಕತೆ ಗೊತ್ತಿರಲಿಲ್ಲ. ನಾನು ಉತ್ತರ ಹೇಳಲಿಲ್ಲ. ಹಣದ ಮಾತು ಬಿಡಿ, ಹರಾಜಿನ ಬೆಲೆ ಕಲೆಯ ಅಳತೆಯಲ್ಲ. ನನ್ನನ್ನು ಚುಚ್ಚಿದ್ದು ಬೇರೆ. ಬ್ಯಾಂಕ್ಸಿ ಬರೆಯುವ ವರ್ಷಗಳ ಮುಂಚೆಯೇ ನನ್ನ ತರಗತಿಯ ಮೂರನೇ ಬೆಂಚಿನಲ್ಲಿ ಒಬ್ಬಳು, ಮೋನೆಯ ಹೆಸರೂ ಕೇಳದೆ, ಅವನ ಕೊಳಕ್ಕೆ ತನ್ನೂರಿನ ಬರಗಾಲ ತಂದಿದ್ದಳು. ನಾನು ನೋಡಿದ್ದು ಮಾದರಿಯ ಹಾಗಿದೆಯೋ ಇಲ್ಲವೋ ಎಂಬುದನ್ನು ಮಾತ್ರ.

ಈ ಲೇಖನ ಬರೆಯುವ ಮುನ್ನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹಳೆಯ ದಾಖಲೆಗಳ ಕೋಣೆಯಲ್ಲಿ ಅರ್ಧ ದಿನ ಹುಡುಕಿದೆ. ಅಂಕಪಟ್ಟಿಯ ಪುಸ್ತಕ ಸಿಕ್ಕಿತು. ಅವಳ ಹೆಸರಿನ ಮುಂದೆ ನನ್ನದೇ ಕೈಬರಹದಲ್ಲಿ 11 ಹಾಗೇ ಇದೆ. ಚಿತ್ರ ಸಿಗಲಿಲ್ಲ, ಅದನ್ನು ಅವಳು ಅವತ್ತೇ ಒಯ್ದಿದ್ದಳಲ್ಲ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಗೊತ್ತಾಗುತ್ತದೆ. ಅಮ್ಮಾ, ಆ ಹಾಳೆ ನಿಮ್ಮ ಹತ್ತಿರ ಇನ್ನೂ ಉಳಿದಿದ್ದರೆ ಮಹೋತ್ಸವದ ದಿನ ತೆಗೆದುಕೊಂಡು ಬನ್ನಿ. ಹಳೆಯ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹತ್ತನೇ ತರಗತಿ ಬಿ ವಿಭಾಗದ ಕೋಣೆ ಬಿಟ್ಟುಕೊಟ್ಟಿದ್ದಾರೆ. ಬಾಗಿಲ ಎದುರಿನ ಗೋಡೆಯನ್ನು ಖಾಲಿ ಇಡಿ ಎಂದು ನಾನು ಹೇಳಿಟ್ಟಿದ್ದೇನೆ.