ಹೆರಿಗೆಯಾದ ದೇಶದ ಲೆಕ್ಕ: ಅಮೆರಿಕದ ಗ್ರೀನ್ ಕಾರ್ಡ್ ಸರದಿಯಲ್ಲಿ ಜನ್ಮಸ್ಥಳ

ಕರಾವಳಿಯ ಎಷ್ಟೋ ಕುಟುಂಬಗಳು ಕುವೈತ್, ದುಬೈ, ಬಹರೈನ್‌ಗಳಲ್ಲಿ ದಶಕಗಳಿಂದ ನೆಲೆಸಿವೆ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಚೊಚ್ಚಲ ಹೆರಿಗೆಗೆ ತಾಯಿ ವಾಡಿಕೆಯಂತೆ ತವರಿಗೆ ಬಂದಳು. ಮಗ ಹುಟ್ಟಿದ್ದು ಕುಂದಾಪುರದಲ್ಲಿ. ಎರಡನೆಯ ಬಾಣಂತನಕ್ಕೆ ಊರಿಗೆ ಬರಲಾಗಲಿಲ್ಲ. ಮಗಳು ಹುಟ್ಟಿದ್ದು ಕುವೈತ್‌ನ ಆಸ್ಪತ್ರೆಯಲ್ಲಿ. ಇಬ್ಬರೂ ಭಾರತದ ಪ್ರಜೆಗಳು, ಇಬ್ಬರ ಕೈಯಲ್ಲೂ ಭಾರತದ ಪಾಸ್‌ಪೋರ್ಟ್. ಮುಂದೆ ಇಬ್ಬರೂ ಅಮೆರಿಕಕ್ಕೆ ಹೋಗಿ, ಒಂದೇ ಬಗೆಯ ಕೆಲಸದಲ್ಲಿದ್ದು, ಒಂದೇ ದಿನ ಅವರ ಹೆಸರಿನಲ್ಲಿ ಗ್ರೀನ್ ಕಾರ್ಡಿನ ಅರ್ಜಿ ಸಲ್ಲಿಕೆಯಾಯಿತು ಎನ್ನೋಣ. ತಂಗಿಗೆ ಕೆಲವೇ ವರ್ಷಗಳಲ್ಲಿ ಕಾಯಂ ವಾಸದ ಹಕ್ಕು ದೊರೆಯಬಹುದು. ಅಣ್ಣ ಹತ್ತು ವರ್ಷ ಕಳೆದರೂ ಕಾಯುತ್ತಲೇ ಇರಬಹುದು.

ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯ 202ನೆಯ ಸೆಕ್ಷನ್ ವಲಸಿಗನನ್ನು ಯಾವ ದೇಶದ ಲೆಕ್ಕಕ್ಕೆ ಹಾಕಬೇಕು ಎಂದು ತೀರ್ಮಾನಿಸುವಾಗ ಪೌರತ್ವವನ್ನು ನೋಡುವುದಿಲ್ಲ, ಹುಟ್ಟಿದ ನೆಲವನ್ನು ನೋಡುತ್ತದೆ. ಈ ನಿಯಮ ಜನಾಂಗಭೇದವನ್ನು ತೊಡೆಯಲು ಬಂದದ್ದು. ಆದರೆ 1990ರ ಸಂಖ್ಯಾಮಿತಿಯ ಜೊತೆ ಸೇರಿದ ಮೇಲೆ ಅದು ದೇಶದೇಶಗಳ ನಡುವೆ ಸಮಾನತೆಯನ್ನು ಕಾಪಾಡುತ್ತ, ಮನುಷ್ಯ ಮನುಷ್ಯರ ನಡುವಿನ ಸಮಾನತೆಯನ್ನು ಕೈಬಿಟ್ಟಿದೆ ಎಂಬುದು ಈ ಲೇಖನದ ವಾದ.

ನಿಯಮದ ಹಿನ್ನೆಲೆ ತಿಳಿಯದೆ ಅದನ್ನು ದೂರುವುದು ನ್ಯಾಯವಲ್ಲ. ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. 1946ರ ಲೂಸ್-ಸೆಲ್ಲರ್ ಕಾಯಿದೆ ಪೌರತ್ವದ ದಾರಿ ತೆರೆಯಿತಾದರೂ ವಲಸೆಗೆ ಇಡೀ ಭಾರತಕ್ಕೆ ವರ್ಷಕ್ಕೆ 100 ಸ್ಥಾನಗಳನ್ನಷ್ಟೇ ಕೊಟ್ಟಿತು. 1952ರ ಕಾಯಿದೆಯಲ್ಲಿ ಏಷ್ಯಾದವರಿಗೆ ಮಾತ್ರ ಅನ್ವಯಿಸುವ ಒಂದು ಕಟ್ಟಳೆಯಿತ್ತು: ಉಳಿದವರನ್ನು ಹುಟ್ಟಿದ ದೇಶದಿಂದ ಎಣಿಸಿದರೆ, ಏಷ್ಯಾ ಮೂಲದವರನ್ನು ವಂಶದಿಂದ ಎಣಿಸಬೇಕು. ಭಾರತೀಯ ತಂದೆತಾಯಿಗೆ ಲಂಡನ್ನಿನಲ್ಲಿ ಹುಟ್ಟಿದವನೂ ಬ್ರಿಟನ್ನಿನ ವಿಶಾಲ ಪಾಲಿಗೆ ಸೇರದೆ ಭಾರತದ ಆ 100ರೊಳಗೇ ಬರಬೇಕಿತ್ತು. 1965ರ ತಿದ್ದುಪಡಿ ಈ ರಕ್ತದ ಲೆಕ್ಕವನ್ನು ಅಳಿಸಿ, ಎಲ್ಲರಿಗೂ ಜನ್ಮಸ್ಥಳವೊಂದನ್ನೇ ಅಳತೆಯಾಗಿಸಿತು. ಅಂದಿನ ಮಟ್ಟಿಗೆ ಅದು ದೊಡ್ಡ ನ್ಯಾಯ. ಇಂದು ಅಮೆರಿಕದಲ್ಲಿರುವ ಕನ್ನಡ ಸಮುದಾಯದ ಬಹುಭಾಗ ಅಲ್ಲಿ ಕಾಲೂರಲು ಸಾಧ್ಯವಾದದ್ದು ಆ ತಿದ್ದುಪಡಿಯಿಂದಲೇ.

ತೊಡಕು ಹುಟ್ಟಿದ್ದು ಸಂಖ್ಯೆಯಲ್ಲಿ. 1990ರ ವಲಸೆ ಕಾಯಿದೆ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ 1,40,000ಕ್ಕೆ ನಿಗದಿಪಡಿಸಿತು. ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ ಎಂದಿತು. ಸ್ನಾತಕೋತ್ತರ ಪದವೀಧರರು ಹೆಚ್ಚಾಗಿ ಬರುವ ಇಬಿ-2 ವರ್ಗಕ್ಕೆ ಒಟ್ಟು ಸುಮಾರು 40,000 ಸ್ಥಾನ. ಅದರಲ್ಲಿ ಒಂದು ದೇಶದ ಪಾಲು ಸುಮಾರು 2,800. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಬೇರೆಯವರು ಬಳಸದೆ ಉಳಿಸಿದ ಸ್ಥಾನಗಳು ಮಾತ್ರ ಹೆಚ್ಚುವರಿಯಾಗಿ ಸಿಗುತ್ತವೆ. ಆದರೆ ತಾತ್ಕಾಲಿಕ ಕೆಲಸದ ಎಚ್-1ಬಿ ವೀಸಾಗೆ ದೇಶವಾರು ಮಿತಿ ಇಲ್ಲ. ವರ್ಷಕ್ಕೆ 85,000 ಹೊಸ ವೀಸಾಗಳ ಆ ವ್ಯವಸ್ಥೆಯಲ್ಲಿ ಭಾರತೀಯರದೇ ಸಿಂಹಪಾಲು. ದುಡಿಯಲು ಕರೆಯುವಾಗ ಹುಟ್ಟಿದ ದೇಶ ಕೇಳದ ಕಾನೂನು ಉಳಿಯಲು ಬಿಡುವಾಗ ಅದನ್ನೇ ಮೊದಲು ಕೇಳುತ್ತದೆ. ಇವೆರಡರ ನಡುವಿನ ಅಂತರವೇ ಬಾಕಿಯಾಗಿ ಬೆಳೆಯುತ್ತ ಬಂದಿದೆ.

ಈ ಬಾಕಿಯನ್ನು ಅಳೆಯುವ ಸಾಧನ ವಿದೇಶಾಂಗ ಇಲಾಖೆಯ ಮಾಸಿಕ ವೀಸಾ ಬುಲೆಟಿನ್. ಅಭ್ಯರ್ಥಿಯ ಪರವಾಗಿ ಮೊದಲ ಅರ್ಜಿ ದಾಖಲಾದ ದಿನವೇ ಅವನ ಪ್ರಯಾರಿಟಿ ಡೇಟ್; ಬುಲೆಟಿನ್‌ನ ತಾರೀಖು ಆ ದಿನವನ್ನು ದಾಟಿದರೆ ಸರದಿ ಬಂತು ಎಂದರ್ಥ. 2025ರ ಜನವರಿಯ ಬುಲೆಟಿನ್‌ನಲ್ಲಿ ಇಬಿ-2 ವರ್ಗಕ್ಕೆ ಭಾರತದಲ್ಲಿ ಹುಟ್ಟಿದವರ ತಾರೀಖು 2012ರ ಅಕ್ಟೋಬರ್ 1. ಅದೇ ಪುಟದಲ್ಲಿ, ಅದೇ ವರ್ಗಕ್ಕೆ, ಹೆಚ್ಚಿನ ದೇಶಗಳ ತಾರೀಖು 2023ರ ಏಪ್ರಿಲ್ 1. ಅಣ್ಣತಂಗಿಯರ ನಡುವಿನ ಹತ್ತು ವರ್ಷದ ಅಂತರ ಹೀಗೆ ಕಣ್ಣಿಗೇ ಕಾಣುತ್ತದೆ. ಭಾರತದ ತಾರೀಖು ಮುಂದಕ್ಕೇ ಹೋಗಬೇಕೆಂಬ ನಿಯಮವೂ ಇಲ್ಲ; ಬೇಡಿಕೆ ಹೆಚ್ಚಿದ ತಿಂಗಳಲ್ಲಿ ವರ್ಷಗಟ್ಟಲೆ ಹಿಂದಕ್ಕೆ ಜಾರುತ್ತದೆ. 2007ರ ಜುಲೈಯಲ್ಲಿ ಬಹುತೇಕ ಎಲ್ಲ ಉದ್ಯೋಗ ವರ್ಗಗಳೂ ಮುಕ್ತ ಎಂದು ಸಾರಿದ ಇಲಾಖೆ ಆ ತಿಂಗಳ 2ರಂದೇ ಮಾತು ಹಿಂತೆಗೆದುಕೊಂಡಿತು. ಅರ್ಜಿದಾರರು ಸುಮ್ಮನೆ ಕೂರಲಿಲ್ಲ. ವಲಸೆ ಸೇವೆಯ ನಿರ್ದೇಶಕರಿಗೆ ರಾಶಿ ರಾಶಿ ಹೂಗುಚ್ಛಗಳನ್ನು ಕಳಿಸಿದರು. ಅವರು ಅವನ್ನು ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ದಾಟಿಸಿದರು. 17ರಂದು ಸರ್ಕಾರ ಮಣಿದು ಅರ್ಜಿ ಸ್ವೀಕರಿಸಲು ಒಪ್ಪಿತು. ಮತದಾನದ ಹಕ್ಕಿಲ್ಲದವರು ಆಡಳಿತದ ಒಂದು ನಿರ್ಧಾರವನ್ನು ಬದಲಿಸಿದ ಈ ಘಟನೆಗೆ ವಲಸೆಯ ಇತಿಹಾಸದಲ್ಲಿ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ ಎಂದು ನನ್ನ ಭಾವನೆ.

ಇಷ್ಟೆಲ್ಲ ಭಾರ ಹೊತ್ತ ಜನ್ಮಸ್ಥಳಕ್ಕೆ ಸಾಕ್ಷಿಯಾಗಬೇಕಾದದ್ದು ಜನನ ಪ್ರಮಾಣಪತ್ರ. ನಮ್ಮ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದವರಿಗೆ ಇದೇ ಮೊದಲ ಎಡರು. ಜನನ ಮತ್ತು ಮರಣಗಳ ನೋಂದಣಿ ಕಾಯಿದೆ 1969ರದು. ಆದರೂ 1980ರ ದಶಕದಲ್ಲಿ ಹುಟ್ಟಿದ ಅನೇಕರ ಹೆಸರು ಯಾವ ಪುಸ್ತಕದಲ್ಲೂ ಏರಿಲ್ಲ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದುಕೊಂಡ ತಾರೀಖೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂದು, ಅಲ್ಲಿಂದ ಪಾಸ್‌ಪೋರ್ಟಿಗೆ ಇಳಿದಿರುತ್ತದೆ. ನೋಂದಣಿಯಾಗಿದ್ದರೂ ಮಗುವಿನ ಹೆಸರಿನ ಕಾಲಂ ಖಾಲಿ, ಏಕೆಂದರೆ ನಾಮಕರಣ ಆಗಿದ್ದು ಆಮೇಲೆ. ತಂದೆಯ ಹೆಸರು ಅಲ್ಲಿ ಊರಿನ ಇನಿಷಿಯಲ್ ಸಹಿತ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದದ್ದು. ನೋಂದಣಿಯೇ ಆಗದವರು ಪುಸ್ತಕದಲ್ಲಿ ತಮ್ಮ ಜನನ ದಾಖಲಾಗಿಲ್ಲ ಎಂಬ ಪತ್ರ ತರಬೇಕು. ಜೊತೆಗೆ ತಂದೆತಾಯಿಯೋ ಹತ್ತಿರದ ಹಿರಿಯರೋ ನೋಟರಿಯ ಮುಂದೆ ಅಫಿಡವಿಟ್ ಮಾಡಿಕೊಡಬೇಕು. ತಡವಾದ ನೋಂದಣಿಗೆ ಬಹುಕಾಲ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಹುಟ್ಟಿ 30 ವರ್ಷದ ಮೇಲೆ ಮಾಡಿಸಿದ ಪತ್ರವನ್ನು ಅಮೆರಿಕದ ಅಧಿಕಾರಿಗಳು ಅದೊಂದರ ಬಲದ ಮೇಲೆ ಸುಲಭವಾಗಿ ನಂಬುವುದಿಲ್ಲ. ಶಾಲೆಯ ದಾಖಲೆ, ಅಫಿಡವಿಟ್‌ಗಳನ್ನು ಮತ್ತೆ ಕೇಳುತ್ತಾರೆ.

ಜನ್ಮಸ್ಥಳದ ನಿಯಮಕ್ಕೆ ಕಾಯಿದೆಯೇ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಕುಟುಂಬ ಒಡೆಯಬಾರದೆಂಬ ಕಾರಣಕ್ಕೆ ಪತಿ ಪತ್ನಿಯರಲ್ಲಿ ಒಬ್ಬರ ಜನ್ಮದೇಶದ ಲೆಕ್ಕಕ್ಕೆ ಇನ್ನೊಬ್ಬರನ್ನೂ ಸೇರಿಸಬಹುದು. ಕುಂದಾಪುರದಲ್ಲಿ ಹುಟ್ಟಿದ ಅಣ್ಣ ಕುವೈತ್‌ನಲ್ಲಿ ಹುಟ್ಟಿದವಳನ್ನು ಮದುವೆಯಾದರೆ ಭಾರತದ ಸಾಲಿನಿಂದ ಹೊರಬರುತ್ತಾನೆ. ಮಗುವನ್ನು ತಂದೆತಾಯಿಯ ದೇಶದ ಲೆಕ್ಕಕ್ಕೆ ಸೇರಿಸಬಹುದು. ತಂದೆತಾಯಿಯನ್ನು ಮಗುವಿನ ದೇಶದ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಅತಿ ಹೆಚ್ಚು ನೋವು ಮಕ್ಕಳದು. ಅವಲಂಬಿತ ವೀಸಾದಲ್ಲಿ ಎಳವೆಯಲ್ಲೇ ಅಮೆರಿಕಕ್ಕೆ ಹೋದ ಮಗು 21 ತುಂಬಿದೊಡನೆ ಕಾನೂನಿನ ಕಣ್ಣಿನಲ್ಲಿ ಮಗುವಲ್ಲ. ತಂದೆತಾಯಿಯ ಅರ್ಜಿಯಿಂದ ಕಳಚಿಹೋಗುತ್ತದೆ. 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯಿದೆ ವಯಸ್ಸಿನಿಂದ ಒಂದಷ್ಟು ದಿನ ಕಳೆಯಲು ಬಿಡುತ್ತದೆ. ಆದರೆ ಉದ್ಯೋಗದಾತ ಸಲ್ಲಿಸಿದ ಐ-140 ಅರ್ಜಿ ಸರ್ಕಾರದ ಮೇಜಿನ ಮೇಲೆ ಇದ್ದ ಅವಧಿಯನ್ನಷ್ಟೇ ಅದು ಕಳೆಯುತ್ತದೆ, ಬುಲೆಟಿನ್‌ನ ಸಾಲಿನಲ್ಲಿ ಕಾದ ವರ್ಷಗಳನ್ನಲ್ಲ. ಹಣ ತೆತ್ತು ಅರ್ಜಿಯನ್ನು ಕೆಲವೇ ವಾರಗಳಲ್ಲಿ ಇತ್ಯರ್ಥ ಮಾಡಿಸಿಕೊಂಡ ಮನೆಯ ಮಗುವಿಗೆ ಕಳೆಯಲು ಸಿಗುವುದು ಆ ಕೆಲವು ವಾರಗಳೇ. ಅವಸರ ಮಾಡಿದವರಿಗೆ ಹೆಚ್ಚು ನಷ್ಟವಾಗುವ ಈ ಸೂತ್ರವನ್ನು ಸಮರ್ಥಿಸುವ ಯಾವ ತರ್ಕವೂ ನನಗೆ ಕಾಣುತ್ತಿಲ್ಲ.

ದೇಶವಾರು ಮಿತಿಯನ್ನು ತೆಗೆಯುವ ಮಸೂದೆಯನ್ನು ಕೆಳಮನೆ 2019ರ ಜುಲೈಯಲ್ಲಿ 365-65 ಮತಗಳಿಂದ ಅಂಗೀಕರಿಸಿತು. ಸೆನೆಟ್ 2020ರ ಡಿಸೆಂಬರಿನಲ್ಲಿ ಬೇರೊಂದು ರೂಪಕ್ಕೆ ಒಪ್ಪಿತು. ಎರಡೂ ಒಂದಾಗುವ ಮೊದಲೇ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು. ಮಿತಿಯೊಂದನ್ನೇ ತೆಗೆದರೆ ಭಾರತೀಯರ ಕಾಯುವಿಕೆ ತಗ್ಗಿ, ನೈಜೀರಿಯದ ದಾದಿಯೋ ಬ್ರೆಜಿಲ್‌ನ ಎಂಜಿನಿಯರೋ ಹಿಂದೆ ಸರಿಯಬೇಕಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. 1990ರಿಂದ ಒಟ್ಟು ಸಂಖ್ಯೆ ಬದಲಾಗಿಲ್ಲ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ನೌಕರರ ಪತಿ, ಪತ್ನಿ, ಮಕ್ಕಳಿಗೆ ಸಲ್ಲುತ್ತವೆ. ಆದ್ದರಿಂದ ಕುಟುಂಬದವರನ್ನು ಎಣಿಕೆಯಿಂದ ಹೊರಗಿಡುವುದೇ ಯಾರನ್ನೂ ಹಿಂದೆ ತಳ್ಳದ ಪರಿಹಾರ ಎಂದು ನಾನು ತಿಳಿದಿದ್ದೇನೆ. ಕಾಯಿದೆಯ ಈಗಿನ ಮಾತಿನಲ್ಲೇ ಅದಕ್ಕೆ ಅವಕಾಶವಿದೆ ಎಂಬ ವಾದವನ್ನು ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಇನ್ನು ಅದನ್ನು ಮಾಡಬಲ್ಲದ್ದು ಕಾಂಗ್ರೆಸ್ ಮಾತ್ರ. ಸಾಲಿನಲ್ಲಿ ನಿಂತವರಿಗೆ ಅಲ್ಲಿ ಮತವಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ ಪೌರತ್ವಕ್ಕೆ ಸಾಮಾನ್ಯವಾಗಿ ಇನ್ನೂ ಐದು ವರ್ಷ ಬೇಕು.