ಬೀಜದ ಗುಣ, ಬೇದಾಣಿಯ ಹೆಸರು

ಬೇದಾಣಿ – ಬೀಜವಿಲ್ಲದ ಒಣದ್ರಾಕ್ಷಿ.

ವಿಜಯಪುರದ ಜೋರಾಪುರ ಪೇಟೆಯ ಕಿರಾಣಿ ಅಂಗಡಿಯಲ್ಲಿ ಮೊನ್ನೆ ಒಬ್ಬ ತಾಯಿ ಕೇಳುತ್ತಿದ್ದರು: "ಅಣ್ಣಾರ, ಪಾವ ಕಿಲೋ ಬೇದಾಣಿ ಕೊಡ್ರಿ. ದ್ರಾಕ್ಷಿ ತಿಂದ್ರ ಬಿಸಲಿಗೆ ಮಾರಿ ಕಪ್ಪಾಗೂದಿಲ್ಲಂತ." ಆ ನಂಬಿಕೆಗೆ ಉತ್ತರ ಪದದೊಳಗೇ ಇದೆ.

ಪಾರಸಿಯಲ್ಲಿ 'ಬೇ' ಎಂದರೆ ಇಲ್ಲದ, 'ದಾನಾ' ಎಂದರೆ ಕಾಳು, ಬೀಜ. ಬೇಕಾರ, ಬೇಜವಾಬ್ದಾರಿಗಳಲ್ಲಿರುವುದು ಇದೇ 'ಬೇ'. ಏಕಾದಶಿಯ ಸಾಬುದಾಣಿಯಲ್ಲಿರುವುದು ಇದೇ 'ದಾನಾ'. ಸಂಸ್ಕೃತದ 'ಧಾನಾ', ನಮ್ಮ 'ಧಾನ್ಯ' ಅದರ ದಾಯಾದಿಗಳು. ಹಿಂದಿಯಲ್ಲಿ ಮೆತ್ತನೆ ಬೀಜದ ದಾಳಿಂಬೆಗೂ ಬೇದಾನಾ ಎನ್ನುತ್ತಾರೆ. ಮರಾಠಿಯಲ್ಲಿ ಬೀಜವಿದ್ದದ್ದು ಮನುಕಾ, ಇಲ್ಲದ್ದು ಬೇದಾಣಾ. ನಮ್ಮ ಪೇಟೆಯಲ್ಲಿ ಈಗ ಮಣೂಕ ಎಂದರೂ ಬೇದಾಣಿಯನ್ನೇ ತೂಗಿ ಕೊಡುತ್ತಾರೆ. ಈ ಭೇದ ಅಳಿಯಬಾರದಿತ್ತು.

ಏಕೆಂದರೆ ದ್ರಾಕ್ಷಿಯ ಪ್ರೊಆಂಥೊಸಯನಿಡಿನ್ ಎಂಬ ರಾಸಾಯನಿಕ ಹೇರಳವಾಗಿರುವುದು ಬೀಜದಲ್ಲಿ. ಬಿಸಿಲಿನ ನೇರಳಾತೀತ ಕಿರಣ ಚರ್ಮದ ಜೀವಕೋಶಗಳಲ್ಲಿ ಹುಟ್ಟಿಸುವ ಉಗ್ರ ಆಮ್ಲಜನಕ ಕಣಗಳನ್ನು ಅದು ತಣಿಸುತ್ತದೆ. ಆಹಾರದಲ್ಲಿ ಅದನ್ನು ಕೊಟ್ಟ ಇಲಿಗಳಲ್ಲಿ ಆ ಕಿರಣದಿಂದ ಬರುವ ಚರ್ಮದ ಗಡ್ಡೆಗಳು ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಹೇಳಲಾಗದು. ತಿಕೋಟಾ, ಬಬಲೇಶ್ವರದ ಶೆಡ್ಡುಗಳಲ್ಲಿ ಒಣಗುವುದು ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗ. ಬೀಜವೇ ಇಲ್ಲದ ಹಣ್ಣಿನಿಂದ ಬೀಜದ ಗುಣ ಬಯಸುವಂತಿಲ್ಲ.

ಬೇದಾಣಿ ತಿನ್ನಿ, ರುಚಿಗೆ, ಶಕ್ತಿಗೆ. ಚೈತ್ರದ ಬಿಸಿಲಿಗೆ ಹೊರಡುವಾಗ ಮಾತ್ರ ತಲೆಯ ಮೇಲೆ ಸೆರಗೋ ಟಾವೆಲ್ಲೋ ಇರಲಿ.